ಕಿವಿ ಒಪ್ಪುವ ದನಿ

ಅಂದಾನಪ್ಪನ ಕಿವಿಗಳಿಗೆ ಕಂಪನಿಯವರು ವಿಮೆ ಮಾಡಿಸಿದ್ದರು. ಕೈಕಾಲಿಗೆ ಮಾಡಿಸಿರಲಿಲ್ಲ, ಜೀವಕ್ಕೂ ಮಾಡಿಸಿರಲಿಲ್ಲ, ಎರಡು ಕಿವಿಗಳಿಗೆ ಮಾತ್ರ. ಧಾರವಾಡದ ಹೊರವಲಯದಲ್ಲಿ ಮನೆಬಳಕೆಯ ಸ್ಪೀಕರ್ ತಯಾರಿಸುವ ಆ ಕಂಪನಿಯಲ್ಲಿ ಮುನ್ನೂರು ಜನ ದುಡಿಯುತ್ತಿದ್ದರು, ಯಂತ್ರಗಳಿಗಂತೂ ಲೆಕ್ಕವೇ ಇರಲಿಲ್ಲ. ಆದರೂ ಒಂದು ಹೊಸ ಮಾದರಿ ಅಂಗಡಿಗೆ ಹೋಗಬೇಕೋ ಗುಜರಿಗೆ ಹೋಗಬೇಕೋ ಎಂದು ಕಟ್ಟಕಡೆಗೆ ಹೇಳುತ್ತಿದ್ದವನು ಈತನೇ. ಐವತ್ತಾರರ ಪ್ರಾಯ, ಹಣೆಗೆ ವಿಭೂತಿ, ಕಾಲಿಗೆ ಹವಾಯಿ ಚಪ್ಪಲಿ. ಮೊದಲು ತಂಬೂರಿ ರಿಪೇರಿ ಮಾಡುತ್ತಿದ್ದ. ತಂತಿಯ ಅಡಿಯಲ್ಲಿ ನೂಲೆಳೆಯನ್ನು ಕೂದಲೆಳೆಯಷ್ಟು ಸರಿಸಿ ನಾದ ಕೂಡಿಸುವ ಆ ಕೆಲಸದಲ್ಲಿ ಅವನ ಕಿವಿ ಹದಗೊಂಡಿತ್ತು. ಅದನ್ನು ಕಂಡ ಕಂಪನಿಯವರು ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದರು. ಆ ಕುರ್ಚಿಯಲ್ಲೇ ಇಪ್ಪತ್ತೆರಡು ವರ್ಷ ಕಳೆದಿದ್ದವು.

ಆ ಕುರ್ಚಿ ಇದ್ದದ್ದು ‘ಕೇಳುವ ಕೋಣೆ’ಯಲ್ಲಿ. ಎದುರಿಗೆ ತೆಳುವಾದ ಕಪ್ಪು ಬಟ್ಟೆಯ ಪರದೆ. ಅದರ ಹಿಂದೆ ಎ, ಬಿ, ಸಿ ಎಂದು ಮೂರು ಜೊತೆ ಸ್ಪೀಕರ್. ಯಾವುದು ಯಾವ ಕಂಪನಿಯದು, ಯಾವುದರ ಬೆಲೆ ಎಷ್ಟು ಎಂಬುದು ಕೇಳುವವನಿಗೆ ಗೊತ್ತಾಗಬಾರದು. ಕಣ್ಣಿಗೆ ಕಂಡರೆ ಕಿವಿ ಸುಳ್ಳು ಹೇಳುತ್ತದೆ. ಇನ್ನೊಂದು ಕಟ್ಟಳೆಯೂ ಇತ್ತು: ಮೂರರ ಸದ್ದೂ ಮೀಟರಿನಲ್ಲಿ ಒಂದೇ ಸಮ ಇರಬೇಕು. ತುಸು ಜೋರಾಗಿ ನುಡಿದದ್ದೇ ಚಲೋ ಎಂದು ಮನುಷ್ಯನ ಕಿವಿ ಮೋಸ ಹೋಗುತ್ತದೆ. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಅನ್ನುವುದು ಸ್ಪೀಕರಿಗೂ ಸಲ್ಲುವ ಮಾತು.

ಬೇರೆ ಊರಿನ ಪರೀಕ್ಷಕರು ದೊಡ್ಡ ದೊಡ್ಡ ವಾದ್ಯವೃಂದ ಹಚ್ಚಿ ಕೇಳುತ್ತಿದ್ದರು. ಅಂದಾನಪ್ಪನ ಅಳತೆಗೋಲೇ ಬೇರೆ. ಅದು ಅವನ ಹೆಂಡತಿ ನೀಲಗಂಗವ್ವ ಸಂತೆಗೆ ಹೋಗುವ ಗಂಡನಿಗೆ ಪಟ್ಟಿ ಹೇಳುವ ಧ್ವನಿಮುದ್ರಣ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಆಕೆ ಹೇಳಿದ್ದನ್ನು ಇಪ್ಪತ್ತು ವರ್ಷದ ಹಿಂದೆ ತಾನೇ ಮುದ್ರಿಸಿಕೊಂಡಿದ್ದ.

"ಜ್ವಾಳ ನಾಕ ಸೇರು. ತೊಗರಿಬ್ಯಾಳಿ ಎರಡ ಕಿಲೊ. ಜವಾರಿ ಬಳ್ಳೊಳ್ಳಿ. ಮತ್ತ... ಸಕ್ರಿ, ಚಾಪುಡಿ."

ಇಷ್ಟೇ. ಆದರೆ ಆ ‘ಮತ್ತ’ ಆದಮೇಲೆ ನೀಲಗಂಗವ್ವ ಇನ್ನೇನು ಉಳಿಯಿತು ಎಂದು ನೆನೆಯುತ್ತ ಅರ್ಧ ಉಸಿರು ಎಳೆಯುತ್ತಿದ್ದಳು. ‘ಬಳ್ಳೊಳ್ಳಿ’ ಅನ್ನುವಾಗ ಗಂಟಲು ಸಣ್ಣಗೆ ಒಡೆಯುತ್ತಿತ್ತು. ಕೆಟ್ಟ ಸ್ಪೀಕರು ಆ ಉಸಿರನ್ನು ನುಂಗಿಬಿಡುತ್ತಿತ್ತು, ಮಧ್ಯಮದ್ದು ಅದನ್ನು ಬರೀ ಗಾಳಿ ಮಾಡುತ್ತಿತ್ತು. ಒಳ್ಳೆಯದರಲ್ಲಿ ಮಾತ್ರ ಅವಳು ಬಂದು ಹೊಸ್ತಿಲ ಮೇಲೆ ನಿಲ್ಲುತ್ತಿದ್ದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಆ ದನಿಯಲ್ಲಿ ಸಾಸಿವೆಯಷ್ಟು ವ್ಯತ್ಯಾಸವಾದರೂ ತಿಳಿಯುತ್ತಿತ್ತು. ಮಕ್ಕಳಿಲ್ಲದ ಆ ಮನೆಯಲ್ಲಿ ಇದ್ದದ್ದೆಂದರೆ ಆ ದನಿಯೇ. ಅದನ್ನು ಅವನು ಬಹಳ ಪ್ರೀತಿಸುತ್ತಿದ್ದ. ಹಾಗೆಂದು ಒಂದು ದಿನವೂ ಅವಳಿಗೆ ಹೇಳಿರಲಿಲ್ಲ, ನಮ್ಮ ಗಂಡಸರ ಹಣೆಬರಹವೇ ಅಷ್ಟು.

ಆ ವರ್ಷ ಸಂಶೋಧನಾ ವಿಭಾಗದ ಡಾ. ರೋಹಿಣಿ ಹುಯಿಲಗೋಳ ಒಂದು ಹೊಸ ಡಬ್ಬಿ ತಂದಿಟ್ಟಳು. ಹೆಸರು ‘ಆಪ್ತ’. ಮೂವತ್ತೆಂಟರ ಚುರುಕು ಹೆಂಗಸು, ಅಂದಾನಪ್ಪನನ್ನು ಕಾಕಾ ಎಂದೇ ಕರೆಯುತ್ತಿದ್ದಳು.

"ಕಾಕಾ, ಸ್ಪೀಕರ್ ಹಾಡತದ, ಕಿವಿ ಕೇಳತದ ಅಂತ ತಿಳಕೊಂಡೀವಿ. ಖರೇ ಹೇಳಬೇಕಂದ್ರ ಕಿವೀನೂ ಹಾಡತದ" ಎಂದಳು.

"ಕಿವಿ ಮ್ಯಾಲ ಹೂ ಇಡಬ್ಯಾಡ್ರಿ ಮೇಡಂ."

ಅವಳು ನಕ್ಕು ಬಿಡಿಸಿ ಹೇಳಿದಳು. ಒಳಗಿವಿಯಲ್ಲಿ ಕೂದಲಿನಂಥ ಎಳೆಗಳಿವೆ, ಸದ್ದು ಬಂದಾಗ ಕುಣಿಯುತ್ತವೆ, ಕುಣಿಯುತ್ತ ತಾವೂ ಒಂದು ಅತಿಸಣ್ಣ ಸದ್ದನ್ನು ಹೊರಕ್ಕೆ ಬಿಡುತ್ತವೆ. ಹಸುಗೂಸುಗಳ ಕಿವಿ ಕೇಳುತ್ತದೋ ಇಲ್ಲವೋ ಎಂದು ವೈದ್ಯರು ನೋಡುವುದು ಅದನ್ನೇ ಅಳೆದು. ರೋಹಿಣಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಮೆಚ್ಚಿದ ಕಿವಿ ಬಿಡುವ ಸದ್ದು ಬೇರೆ, ಮೆಚ್ಚದ ಕಿವಿಯದು ಬೇರೆ ಎಂದು ಅವಳು ಕಂಡುಕೊಂಡಿದ್ದಳು. ಆಪ್ತದ ಮುಖದ ಮೇಲಿದ್ದ ಸಣ್ಣ ಮೈಕುಗಳು ಕೋಣೆಯ ಆ ತುದಿಯಲ್ಲಿ ಕೂತವನ ಕಿವಿಯನ್ನೂ ಆಲಿಸುತ್ತಿದ್ದವು. ಕಿವಿಗೆ ಹಿಡಿಸದ್ದನ್ನು ತಿದ್ದಿ, ಹಿಡಿಸಿದ್ದನ್ನು ಹೆಚ್ಚಿಸಿ, ಕೂತವನಿಗೆ ತಕ್ಕಂತೆ ದನಿಯನ್ನು ಕ್ಷಣಕ್ಷಣಕ್ಕೂ ಹದ ಮಾಡುತ್ತಿದ್ದವು. ಕೇಳುವವನಿಗೆ ಏನು ಬೇಕೆಂದು ಅವನಿಗಿಂತ ಮೊದಲೇ ಡಬ್ಬಿಗೆ ತಿಳಿಯುತ್ತಿತ್ತು.

"ಇದಕ್ಕ ನಿಮ್ಮ ಕಿವೀನ ಗುರು. ಆ ಸಂತೀ ಪಟ್ಟಿ ಇದಕ್ಕ ಕೊಡ್ರಿ. ಮನಿಗೆ ಒಯ್ದು ದಿನಾ ಎರಡ ತಾಸು ಕೇಳ್ರಿ. ಕಲೀತದ."

ಅಂದಾನಪ್ಪ ಕೊಟ್ಟ. ಅವನು ಮಾಡಿದ ತಪ್ಪು ಇದೇ. ಅಳೆಯಬೇಕಾದ ವಸ್ತುವಿನ ಕೈಗೇ ಅಳತೆಗೋಲು ಕೊಟ್ಟರೆ ಅದು ಅಳತೆಗೋಲನ್ನೇ ತನಗೆ ಬೇಕಾದಂತೆ ಬಗ್ಗಿಸಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷ ಪರದೆ, ಮೀಟರು ಎಂದು ಕಟ್ಟುನಿಟ್ಟು ಮಾಡಿದವನಿಗೆ ಅಂದು ಈ ಸಣ್ಣ ಮಾತು ಹೊಳೆಯಲಿಲ್ಲ.

ಮನೆಯ ಪಡಸಾಲೆಯಲ್ಲಿ ಆಪ್ತ ಕೂತಿತು. ಮೊದಲ ದಿನವೇ ಅಂದಾನಪ್ಪ ಬೆರಗಾದ. ‘ಮತ್ತ’ದ ಉಸಿರು ಕೆನ್ನೆಗೆ ತಾಕಿದಂತಾಯಿತು. ವಾರ ಕಳೆಯುವಷ್ಟರಲ್ಲಿ ದನಿಯ ಒಡಕು ಒಡಕಾಗಿ ಉಳಿಯಲಿಲ್ಲ, ತುಪ್ಪದಲ್ಲಿ ಅದ್ದಿ ತೆಗೆದಂತೆ ನುಣುಪಾಯಿತು. ಅವನ ಕಿವಿ ಇನ್ನಷ್ಟು ಬೇಕೆಂದಿತು, ಡಬ್ಬಿ ಇನ್ನಷ್ಟು ಕೊಟ್ಟಿತು.

ನೀಲಗಂಗವ್ವನಿಗೆ ಅದನ್ನು ಕಂಡರಾಗುತ್ತಿರಲಿಲ್ಲ. "ನಾ ಇಲ್ಲೇ ಜೀವಂತ ಅದೇನಿ, ಆ ಕಟ್ಟಿಗಿ ಡಬ್ಬಿ ಜೋಡಿ ಏನ ಸಂಸಾರ ನಡಿಸೀರಿ?" ಎಂದು ಚಾಷ್ಟಿ ಮಾಡಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅವನೂ ನಗುತ್ತಿದ್ದ.

ಮೂರನೆಯ ವಾರ ಒಂದು ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತ ಏನೋ ಹೇಳಿದಳು. ಅಂದಾನಪ್ಪ ಮುಖ ಹಿಂಡಿದ.

"ಗಂಟಲಿಗೇನಾಗೇತಿ ನಿನಗ?"

"ಏನೂ ಆಗಿಲ್ಲಲ್ಲ."

"ಹರದಂಗ ಕೇಳಾಕತ್ತೇತಿ. ಮೂಗಿನಾಗ ಮಾತಾಡಿದಂಗ."

ಅವಳು ಉಪ್ಪುನೀರು ಮುಕ್ಕಳಿಸಿದಳು, ಅರಿಶಿನ ಹಾಲು ಕುಡಿದಳು. ವೈದ್ಯರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ನಿಮಗಿಂತ ಗಟ್ಟಿ ಗಂಟಲು ಈ ಊರಾಗ ಯಾರಿಗೈತ್ರಿ ಎಂದು ಕಳಿಸಿದರು. ಆದರೂ ಗಂಡ ಮುಖ ಹಿಂಡುವುದು ನಿಲ್ಲಲಿಲ್ಲ. ಅವಳು ಮಾತು ಕಡಿಮೆ ಮಾಡಿದಳು. ಮಾತು ಕಡಿಮೆಯಾದಷ್ಟೂ ಅವನು ಡಬ್ಬಿಯ ಮುಂದೆ ಹೆಚ್ಚು ಹೊತ್ತು ಕೂತ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹೀಗೆಯೇ ಆಗುವುದು.

ಪರೀಕ್ಷೆಗೆಂದು ಊರಿನ ಎಂಬತ್ತು ಮನೆಗಳಿಗೂ ಆಪ್ತ ಹೋಗಿತ್ತು. ಅಲ್ಲಿಂದ ಬರುತ್ತಿದ್ದ ವರದಿಗಳನ್ನು ರೋಹಿಣಿ ಹೆಮ್ಮೆಯಿಂದ ಓದುತ್ತಿದ್ದಳು. ಒಬ್ಬ ಮೇಷ್ಟ್ರ ಮನೆಯಲ್ಲಿ ಅತ್ತೆ ಅಡಿಗೆಮನೆಯಿಂದ ಫೋನಿನಲ್ಲಿ ಮಾತಾಡುತ್ತಾಳಂತೆ, ಸೊಸೆ ಪಡಸಾಲೆಯಲ್ಲಿ ಕೂತು ಡಬ್ಬಿಯಿಂದ ಕೇಳುತ್ತಾಳಂತೆ. ಮೂವತ್ತು ವರ್ಷದ ಜಗಳ ನಿಂತಿದೆಯಂತೆ. ಇನ್ನೊಂದು ಮನೆಯ ಕೂಸು ತಾಯಿ ಎತ್ತಿಕೊಂಡು ಜೋಗುಳ ಹೇಳಿದರೆ ಚೀರುತ್ತದೆ, ಅದೇ ಜೋಗುಳ ಡಬ್ಬಿಯಲ್ಲಿ ಬಂದರೆ ಮಲಗುತ್ತದೆ.

ಕೂಸಿನ ಸುದ್ದಿಗೆ ಅಂದಾನಪ್ಪ ಕೈ ಅಡ್ಡ ಹಿಡಿದ. "ಮೇಡಂ, ಇದು ಚಲೋ ಲಕ್ಷಣ ಅಲ್ಲ" ಎಂದ.

"ಯಾಕ ಕಾಕಾ? ತಾಯಿ ದನೀನ ಅಲ್ಲೇನು ಅದು?"

ಅವನು ಎದ್ದು ಕೇಳುವ ಕೋಣೆಯ ಕಡೆ ನಡೆದ.

ಅಂಗಡಿಗೆ ಬಿಡುವ ಮುಂಚಿನ ಕೊನೆಯ ಪರೀಕ್ಷೆ ಒಂದು ಗುರುವಾರ ನಡೆಯಿತು. ಕೇಳುವ ಕೋಣೆಯಲ್ಲಿ ಅಂದಾನಪ್ಪ ಕುರ್ಚಿ ಹಿಡಿದು ಕೂತ. ಗಾಜಿನ ಆಚೆ ನಿಯಂತ್ರಣ ಕೊಠಡಿಯಲ್ಲಿ ರೋಹಿಣಿ, ಕಂಪನಿಯ ನಾಲ್ವರು ದೊಡ್ಡ ಮನುಷ್ಯರು. ಪರದೆಯ ಹಿಂದೆ ಎಂದಿನಂತೆ ಎ, ಬಿ, ಸಿ. ಮೂರರ ಸದ್ದೂ ಮೀಟರಿನಲ್ಲಿ ಸಮ. ಪಟ್ಟಿ ಮೂರು ಸಲ ಬಂತು. ಕೇಳಿದ್ದನ್ನು ಕೂಡಲೇ ಗಟ್ಟಿಯಾಗಿ ಹೇಳಿ ಅಂಕ ಕೊಡುವುದು ಅವನ ಪದ್ಧತಿ.

"ಎ. ಇದರ ಬಗ್ಗೆ ಮಾತಿಲ್ಲ. ಜೀವಾನ ಬಂದು ಕುಂತಂಗ ಐತಿ. ಒಂಬತ್ತೂವರಿ.

"ಸಿ. ನಡೀತೈತಿ. ಆರು.

"ಬಿ..." ಇಲ್ಲಿ ಅವನು ಮುಖ ಹಿಂಡಿದ. "ಬಿ ಭಾಳ ಕೆಟ್ಟೈತ್ರಿ. ನಡುವಿನ ಸ್ವರ ಹರದೈತಿ. ‘ಮತ್ತ’ ಅನ್ನೂ ಕಡೆ ಗಾಳಿ ಸೋರತೈತಿ. ಬಳ್ಳೊಳ್ಳಿ ಕಡೆ ಒಡದ ಮಡಕಿ ಬಡದಂಗ. ಒಳಗಿನ ಕಾಗದದ ಕೋನ್ ಹರದಿರಬೇಕು. ಎರಡು ಅಂಕ. ಇದನ್ನ ಯಾರೂ ಮನ್ಯಾಗ ಇಟಗೊಳ್ಳೂದಿಲ್ಲ, ಗುಜರಿಗೆ ಹಾಕ್ರಿ."

ಗಾಜಿನ ಆಚೆ ಚಪ್ಪಾಳೆ ಬಿತ್ತು. ಅಂದಾನಪ್ಪನಿಗೆ ಯಾಕೆಂದು ತಿಳಿಯಲಿಲ್ಲ. ಪರದೆ ಸರಿಯಿತು.

ಎ ಜಾಗದಲ್ಲಿ ಆಪ್ತ ಇತ್ತು. ಸಿ ಜಾಗದಲ್ಲಿ ಹಳೆಯ ಮಾದರಿ. ನಡುವೆ ಬಿ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಇಳಕಲ್ ಸೀರೆಯುಟ್ಟು, ಕೈಯಲ್ಲಿ ಪಟ್ಟಿಯ ಚೀಟಿ ಹಿಡಿದು ನೀಲಗಂಗವ್ವ ಕೂತಿದ್ದಳು.

ಜೀವಂತ ದನಿಗೇ ಸರಿಸಾಟಿಯಾದ ಜಗತ್ತಿನ ಮೊದಲ ಸ್ಪೀಕರ್ ಎಂದು ತೋರಿಸಲು ರೋಹಿಣಿ ಅವಳನ್ನು ಗುಟ್ಟಾಗಿ ಕರೆಸಿದ್ದಳು. ಅಂದಾನಪ್ಪ ಗುರುತು ಹಿಡಿದು ನಗುತ್ತಾನೆ, ಆಮೇಲೆ ಎರಡಕ್ಕೂ ಹೆಚ್ಚುಕಡಿಮೆ ಸಮ ಅಂಕ ಕೊಡುತ್ತಾನೆ ಎಂದಷ್ಟೇ ರೋಹಿಣಿಯ ನಿರೀಕ್ಷೆ. ಹೀಗಾಗುತ್ತದೆಂದು ಅವಳೂ ಎಣಿಸಿರಲಿಲ್ಲ. ನಿಮಗ ಖುಷಿ ಆಗ್ತದ ಬರ್ರಿ ಕಾಕೂ ಎಂದು ಕರೆದಿದ್ದಕ್ಕೆ ನೀಲಗಂಗವ್ವ ತಲೆಗೆ ಹೂ ಮುಡಿದು ಬಂದಿದ್ದಳು.

"ನೀಲಗಂಗಾ..." ಎಂದ ಅಂದಾನಪ್ಪ.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಬಸದೊಳಗೆ ಇಟ್ಟುಕೊಂಡು ಎದ್ದಳು. ಮನೆಯವರೆಗೂ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕೂತಳು. ಆ ದಿನ ಮಾತ್ರವಲ್ಲ, ಮರುದಿನವೂ ಅವಳ ಬಾಯಿಂದ ಒಂದು ಸೊಲ್ಲು ಹೊರಡಲಿಲ್ಲ. ಅಂದಾನಪ್ಪನಿಗೆ ತನ್ನ ಕಿವಿಗಳನ್ನು ಕಿತ್ತು ಬಿಸಾಡುವಷ್ಟು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಪರದೆ ಸರಿದ ಮೇಲೂ, ಅವಳೇ ಎಂದು ಗೊತ್ತಾದ ಮೇಲೂ, ಆ ದನಿ ಅವನ ನೆನಪಿನಲ್ಲಿ ಒಡೆದ ಮಡಕೆಯಂತೆಯೇ ಕೇಳುತ್ತಿತ್ತು.

ಶನಿವಾರ ಅವನು ರೋಹಿಣಿಯ ಮುಂದೆ ನಿಂತ. "ನನ್ನ ಕಿವಿ ನನಗ ತಿರುಗಿ ಕೊಡ್ರಿ" ಎಂದ.

ಅವಳ ಮುಖವೂ ಇಳಿದಿತ್ತು. "ಕಿವಿ ಕೆಟ್ಟಿಲ್ಲ ಕಾಕಾ. ರೂಢಿ ಬದಲಾಗೇದ. ನಲವತ್ತು ದಿನ ಯಾವ ಸ್ಪೀಕರಿನ ಸದ್ದೂ ಬೀಳಲಾರದಂಗ ಇದ್ರ ಮೊದಲಿನ ಜಾಗಾಕ್ಕ ಬರತದ. ಇಬ್ಬರ ಮ್ಯಾಲ ನೋಡೀವಿ."

"ಹಂಗಾರ ಅದನ್ನ ಮಾರಬ್ಯಾಡ್ರಿ."

"ಅದು ನನ್ನ ಕೈಯಾಗಿಲ್ಲ. ಮ್ಯಾಲಿನವರಿಗೆ ನಿಮ್ಮ ಸಹಿ ಬ್ಯಾಡಂತ. ನಿಮ್ಮ ಕಿವೀನ ಒಪ್ಪಿಗಿ ಕೊಟ್ಟಾಗೇದ ಅಂದ್ರು."

ಅಳ್ನಾವರದ ಆಚೆ, ಕಾಡಿನಂಚಿನ ಕಟ್ಟಿಗೆ ಡಿಪೊ ಒಂದರಲ್ಲಿ ಅಂದಾನಪ್ಪನ ಬಾಲ್ಯದ ಗೆಳೆಯ ಯಮನೂರಪ್ಪ ಕಾವಲುಗಾರನಾಗಿದ್ದ. ಅಲ್ಲಿ ಕರೆಂಟೇ ಸರಿಯಿರಲಿಲ್ಲ, ಇನ್ನು ಸ್ಪೀಕರೆಲ್ಲಿ. ಅಂದಾನಪ್ಪ ಅಲ್ಲಿಗೆ ಹೊರಟ. ಹೊರಡುವಾಗ ಹೆಂಡತಿಗೆ ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದ. ನಿನ್ನ ದನಿ ಮತ್ತೆ ನನಗೆ ಸರಿಯಾಗಿ ಕೇಳಲೆಂದೇ ಹೋಗುತ್ತಿದ್ದೇನೆ ಎನ್ನಬೇಕಿತ್ತು. ನಾಚಿಕೆ ಅಡ್ಡ ಬಂದು, "ಕಂಪನಿ ಕೆಲಸ ಐತಿ, ನಲವತ್ತು ದಿನ ಬರೂದಿಲ್ಲ" ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದ. ಫೋನನ್ನು ಮನೆಯಲ್ಲೇ ಬಿಟ್ಟ. ನನ್ನ ಮಾತು ಕೇಳಲಾರದೆ ಗಂಡ ಓಡಿಹೋಗುತ್ತಿದ್ದಾನೆ ಎಂದು ಅವಳು ತಿಳಿದರೆ ಅವಳ ತಪ್ಪೇನಿದೆ? ಡಬ್ಬಿಯನ್ನು ಹೊರಗೆಸೆದು ಹೋಗಬೇಕೆಂದೂ ಅವನಿಗೆ ತೋಚಲಿಲ್ಲ. ಅದರ ಮುಂದೆ ಒಂದು ದಿನವೂ ಕೂರದವಳು ಈಗೇನು ಕೂತಾಳು ಎಂದುಕೊಂಡಿದ್ದ.

ಡಿಪೊದಲ್ಲಿ ಅವನು ಕಿವಿಗೆ ಅರಳೆ ಇಟ್ಟು, ಮೇಲೆ ಮೇಣ ಮೆತ್ತಿಕೊಂಡ. ಯಮನೂರಪ್ಪ ಕೈಸನ್ನೆಯಲ್ಲೇ ಊಟಕ್ಕೆ ಕರೆಯುತ್ತಿದ್ದ. ಮೊದಲ ಹತ್ತು ದಿನ ತಲೆಯೊಳಗೆ ಆಪ್ತವೇ ನುಡಿಯುತ್ತಿತ್ತು. ಅದರ ದಾಹ ಕುಡುಕನ ದಾಹಕ್ಕಿಂತ ಕಡಿಮೆಯಿರಲಿಲ್ಲ. ಇಪ್ಪತ್ತನೆಯ ದಿನದ ಹೊತ್ತಿಗೆ ತಲೆಯೊಳಗೂ ಮೌನವಾಯಿತು. ಮೂವತ್ತೊಂಬತ್ತನೆಯ ದಿನ ಅರಳೆ ತೆಗೆದಾಗ ಮೊದಲು ಕೇಳಿದ್ದು ಗೆಳೆಯನ ಗೊರಗೊರ ಕೆಮ್ಮು. ಆಮೇಲೆ ಗರಗಸ. ಆಮೇಲೆ ರಸ್ತೆಯ ಆಚೆ ಯಾವಳೋ ಮುದುಕಿ ತನ್ನ ಆಡನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಆ ದನಿ ಹರಿದಿತ್ತು, ಸೋರುತ್ತಿತ್ತು, ಒಡೆಯುತ್ತಿತ್ತು. ಅದರಲ್ಲಿ ಅಂದಾನಪ್ಪನಿಗೆ ಒಂದು ದೋಷವೂ ಕಾಣಲಿಲ್ಲ. ಮರದ ದಿಮ್ಮಿಯ ಮೇಲೆ ಕೂತು ಅವನು ಮಗುವಿನಂತೆ ಅತ್ತ.

"ಯಾಕೋ ಮಾರಾಯಾ?" ಎಂದ ಯಮನೂರಪ್ಪ.

"ಕಿವಿ ಬಂತೋ ಯಮನ್ಯಾ. ನನ್ನ ಹೇಂತಿ ದನಿ ನನಗ ಇನ್ನ ಕೇಳತೈತಿ."

ಮರುದಿನ ಮುಂಜಾನೆಯ ಮೊದಲ ಬಸ್ಸು ಹಿಡಿದ. ಧಾರವಾಡದ ಬೀದಿಗಳಲ್ಲಿ ಏನೋ ಬದಲಾಗಿತ್ತು. ಆಪ್ತ ಅಂಗಡಿಗೆ ಬಂದು ತಿಂಗಳಾಗಿತ್ತು. ಎಲ್ಲ ಮನೆಗಳಿಂದಲೂ ದನಿಗಳು ಬರುತ್ತಿದ್ದವು, ಎಲ್ಲವೂ ನುಣುಪಾಗಿದ್ದವು. ಕಾಯಿಪಲ್ಲೆ ಗಾಡಿಯವನು ಕೂಗದೆ ತಳ್ಳಿಕೊಂಡು ಹೋಗುತ್ತಿದ್ದ. ಕೂಗಿದರೆ ಜನ ಕಿಟಕಿ ಮುಚ್ಚುತ್ತಾರಂತೆ. ಅಂದಾನಪ್ಪ ಕಾಲು ಬೀಸಿ ಹಾಕಿದ.

ಬಾಗಿಲು ತೆರೆದೇ ಇತ್ತು. ಒಳಗಿನಿಂದ ದನಿ ಬಂತು.

"ಬಂದ್ರ್ಯಾ? ಕಾಲ ತೊಳಕೊಂಡ ಬರ್ರಿ."

ಅವನು ಹೊಸ್ತಿಲಲ್ಲೇ ನಿಂತ. ಅದು ಡಬ್ಬಿಯ ದನಿ. ಅದೇ ತುಪ್ಪದ ನುಣುಪು, ಒಡಕಿಲ್ಲ, ಉಸಿರಿಲ್ಲ. ಪಡಸಾಲೆಯ ಹಲಗೆಯ ಕಡೆ ನೋಡಿದ. ಡಬ್ಬಿ ಸುಮ್ಮನೆ ಕೂತಿತ್ತು. ಅಡಿಗೆಮನೆಯ ಬಾಗಿಲಲ್ಲಿ ನೀಲಗಂಗವ್ವ ಕೈಯೊರೆಸಿಕೊಳ್ಳುತ್ತ ನಿಂತಿದ್ದಳು. ಮುಖದಲ್ಲಿ ಹೊಸ ಮದುವಣಗಿತ್ತಿಯ ನಾಚಿಕೆಯಿತ್ತು.

"ಆಶ್ಚರ್ಯ ಆತೇನ್ರಿ?" ಎಂದಿತು ಆ ದನಿ, ಅವಳ ಬಾಯಿಂದ. "ಅದರಾಗ ಅಂಥಾದ್ದೇನೈತಿ, ನನ್ನಾಗ ಇಲ್ಲದ್ದು, ಅಂತ ನೋಡಾಕ ಕುಂತೆ. ರೋಹಿಣಿಬಾಯಾರು ಬಂದಿದ್ರು, ತಪ್ಪಾತು ಅಂತ ಕೈಮುಗದ್ರು. ಬ್ಯಾರೇದವರ ಕಿವಿಗೆ ಚಲೋ ಅನ್ನೂವಂಗ ಮಾತಾಡಾಕ ಬರತೈತೇನ್ರಿ ಅಂತ ನಾನ ಕೇಳಿದೆ. ಕಿವಿ ಎಲ್ಲಿಗೆ ಹೋಗತೈತಿ ಗಂಟಲ ಅದರ ಬೆನ್ನ ಹತ್ತತೈತಿ ಕಾಕೂ, ಕೇಳಿ ಕೇಳಿ ಅಂದು ನೋಡ್ರಿ ಅಂದ್ರು. ಈ ಹೊಸಾ ಡಬ್ಬಿ ಕಳಿಸಿಕೊಟ್ರು. ಇದಕ್ಕ ದೀಪ ಐತಿ. ಕೇಳೂವರ ಕಿವಿ ಒಪ್ಪಿದ್ರ ಹಸರು ಹತ್ತತೈತಿ, ಒಪ್ಪಲಿಲ್ಲಂದ್ರ ಕೆಂಪು. ಕೇಳೂವರು ಯಾರೂ ಇಲ್ಲದಾಗ ಅದು ಮೊದಲ ಕಲತ ನಿಮ್ಮ ಕಿವೀ ಲೆಕ್ಕದಾಗ ಹತ್ತತೈತಿ. ದಿನಾ ಅದು ಹೇಳಿದಂಗ ಹೇಳೀನ್ರಿ. ಮೊದಲ ಹದಿನೈದ ದಿನ ಬರೇ ಕೆಂಪು."

ಅಂದಾನಪ್ಪ ಚೀಲ ಕೆಳಗಿಟ್ಟು ಕೂತ. ನಲವತ್ತು ದಿನ ಅವನು ಕಾಡಿನಲ್ಲಿ ಯಾವ ದನಿಗಾಗಿ ಕಿವಿ ತೊಳೆದುಕೊಂಡನೋ, ಅದೇ ನಲವತ್ತು ದಿನ ಇಲ್ಲಿ ಅವಳು ಆ ದನಿಯನ್ನು ಗಂಟಲಿನಿಂದ ತೊಳೆದುಹಾಕಿದ್ದಳು, ಅವನಿಗಾಗಿಯೇ.

"ಒಂದ ಸಲ ಮೊದಲಿನಂಗ ಮಾತಾಡು ನೀಲಗಂಗಾ. ಕೈಮುಗೀತೀನಿ."

"ಯಾವ ಮೊದಲಿನಂಗ್ರಿ?"

ಅವನು ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ, ಧೂಳು ಒರೆಸಿ, ಮೂಲ ಕ್ಯಾಸೆಟ್ ಹಾಕಿದ. ಜ್ವಾಳ ನಾಕ ಸೇರು ಎಂದು ಇಪ್ಪತ್ತು ವರ್ಷದ ಹಿಂದಿನ ದನಿ ಗೊರಗೊರ ಮಾಡುತ್ತ ಎದ್ದಿತು. ಅಂದಾನಪ್ಪನ ಕಣ್ಣು ತುಂಬಿದವು. ನೀಲಗಂಗವ್ವ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಬಂದ್ ಮಾಡ್ರಿ! ಎಂಥಾ ಹರಕ ದನಿ! ಇಷ್ಟ ವರ್ಷ ಇದನ್ನ ಹ್ಯಾಂಗ ಕೇಳಿದ್ರಿ ನೀವು?"

"ಅದು ನೀನ ಅಲ್ಲೇನ! ನೀನೂ ನನ್ನಂಗ ನಲವತ್ತ ದಿನ ಅಲ್ಲಿಗೆ ಬಾ, ಎಲ್ಲಾ ತಿರುಗಿ ಬರತೈತಿ."

"ನಾ ಯಾಕ ಬರ್ಲಿ? ಇಷ್ಟ ತ್ರಾಸ ತಗೊಂಡ ಕಲತಿದ್ದು ಕಳಕೊಳ್ಳಾಕೇನು?" ಅವಳು ಹತ್ತಿರ ಬಂದು ಅವನೆದುರು ಮೊಣಕಾಲೂರಿ ಕೂತಳು. ಕಣ್ಣಲ್ಲಿ ಅಂಜಿಕೆಯಿತ್ತು, ಆಸೆಯಿತ್ತು. "ಅದೆಲ್ಲಾ ಬಿಡ್ರಿ. ಈಗ ಹೇಳ್ರಿ. ಚಲೋ ಐತಿಲ್ಲೋ ನನ್ನ ದನಿ?"

ಇಲ್ಲ ಅಂದರೆ ಅವಳು ಈ ಸಲ ಚೇತರಿಸಿಕೊಳ್ಳುವುದಿಲ್ಲ ಎಂದು ಅವನಿಗೆ ತಿಳಿಯಿತು. ದನಿಯ ವಿಷಯದಲ್ಲಿ ಅಂದಾನಪ್ಪ ಜೀವಮಾನದಲ್ಲಿ ಮೊದಲ ಸಲ ಸುಳ್ಳು ಹೇಳಿದ.

"ಭಾಳ ಚಲೋ ಐತಿ. ಹತ್ತಕ್ಕ ಹತ್ತು."

ನೀಲಗಂಗವ್ವ ಅವನ ಮುಖ ನೋಡಲಿಲ್ಲ. ಅವನ ಹೆಗಲಿನ ಮೇಲಿಂದ ಹಿಂದಿನ ಹಲಗೆಯ ಕಡೆ ನೋಡುತ್ತಿದ್ದಳು. ಅವನು ತಿರುಗಿದ. ಡಬ್ಬಿಯ ದೀಪ ಕೆಂಪಾಗಿತ್ತು.

"ಸುಳ್ಳ ಹೇಳಬ್ಯಾಡ್ರಿ" ಎಂದಳು ಅವಳು, ಆ ನುಣುಪು ದನಿಯಲ್ಲಿ, ಯಾವ ಸಿಟ್ಟೂ ಇಲ್ಲದೆ. "ಇನ್ನೊಂದ ತಿಂಗಳ ಕೊಡ್ರಿ ನನಗ. ಕಲೀತೀನಿ."

ಮತ್ತೆ ಎದ್ದು, ಚಾಪೆ ಎಳೆದುಕೊಂಡು, ಡಬ್ಬಿಯ ಮುಂದೆ ಕೂತಳು.